ರಾಜನ ಹೆಸರು ಇಳಿದ ಜಾಗ

“ಕಂಚಿನಕೋಟೆಯ ಪ್ರಜೆಗಳೇ, ಕೇಳಿ! ಮಹಾರಾಜ ವಜ್ರಭೂಷಣರ ಸ್ತುತಿಗೀತೆಯಲ್ಲಿ ಅವರ ಹೆಸರು ಬರುವ ಜಾಗದಲ್ಲೇ ದನಿ ಕುಸಿದಿದೆ. ಹಾಡಿದ ಈರಮ್ಮ ಸೆರೆಯಲ್ಲಿದ್ದಾಳೆ. ಹುಣ್ಣಿಮೆಯ ದಿನ ಅವಳಿಗೆ ಶೂಲ. ಅದು ಅವಳ ಕೆಲಸವಲ್ಲ ಎನ್ನುವವರು ಬಂದು ಮಹಾರಾಜರ ಮೂರು ಒಗಟು ಬಿಡಿಸಲಿ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಉಳಿಯುವುದಿಲ್ಲ!” ಎಂದು ಊರೆಲ್ಲ ಡಂಗುರ ಸಾರಿದರು.

ಆ ರಾಜ್ಯದಲ್ಲಿ ಆನೆಯೂ ಇತ್ತು, ಕಂಪ್ಯೂಟರೂ ಇತ್ತು. ರಾಜನ ಸ್ತುತಿಯನ್ನು ರೆಕಾರ್ಡ್ ಮಾಡಿ ಬೀದಿ ಬೀದಿಯಲ್ಲಿ ಮೊಳಗಿಸಲೆಂದೇ ಅರಮನೆಯಲ್ಲೊಂದು ಧ್ವನಿಶಾಲೆ ಇತ್ತು. ಅಲ್ಲಿನ ಉದ್ದನೆಯ ಮೇಜಿನ ತುಂಬ ಮೇಲೆ ಕೆಳಗೆ ಜಾರುವ ಗುಂಡಿಗಳು. ಅವುಗಳಿಗೆ ಫೇಡರ್ ಎಂದು ಹೆಸರು. ಹಾಡುಗಾರ್ತಿಗೊಂದು, ಮೃದಂಗಕ್ಕೊಂದು, ಕೊಳಲಿಗೊಂದು. ಮೇಲೆ ಸರಿಸಿದರೆ ಆ ದನಿ ಏರುತ್ತದೆ, ಕೆಳಗೆ ಸರಿಸಿದರೆ ಇಳಿಯುತ್ತದೆ. ಮೇಜಿಗೆ ಒತ್ತಿ ರಾಜನ ಪೀಠ. ಅವನ ಮುಂದೆ ಬೇರೆ ಯಾರೂ ಕೂರುವಂತಿಲ್ಲ, ಯಾವುದಕ್ಕೂ ಒರಗುವಂತಿಲ್ಲ. ಧ್ವನಿಶಾಲೆಯ ಮುಖ್ಯಸ್ಥ ಮಲ್ಲರಸನೂ ನಿಂತೇ ಕೆಲಸ ಮಾಡುತ್ತಿದ್ದ.

ಮೊದಲು ಬಂದವನು ಆಸ್ಥಾನದ ಪಂಡಿತ. ರಾಜ ಮೊದಲ ಒಗಟು ಕೇಳಿದ. “ಈ ಫೇಡರನ್ನ ಯಾರೂ ಮುಟ್ಟಲ್ಲ. ಆದ್ರೂ ಹಾಡಿನ ಜೊತೆ ಏರುತ್ತೆ, ಇಳಿಯುತ್ತೆ. ನಿನ್ನೆ ಎಲ್ಲಿ ಇಳೀತೋ ಇವತ್ತೂ ಅಲ್ಲೇ. ಇದನ್ನ ಆಡಿಸೋ ಕೈ ಯಾವುದು?”

“ತಮ್ಮ ಕೀರ್ತಿಯೆಂಬ ಗಾಳಿ, ಪ್ರಭು,” ಎಂದ ಪಂಡಿತ. ಹೊಗಳಿಕೆ ರಾಜನಿಗೆ ಹಿಡಿಸಿತು. ಆದರೂ ತಲೆ ಹೋಯಿತು.

ಮಾರನೆಯ ದಿನ ಬಂದ ಮಂತ್ರವಾದಿ, “ಈರಮ್ಮ ಸಾಕಿದ ದೆವ್ವ,” ಎಂದ. ಮೇಜಿಗೆ ಕುಂಕುಮ ಎರಚಿ, ಬೇವಿನ ಸೊಪ್ಪು ಬೀಸಿದ. ಫೇಡರುಗಳು ತಮ್ಮ ಪಾಡಿಗೆ ಇಳಿದವು. ಅವನ ತಲೆಯೂ ಹೋಯಿತು.

ಮೂರನೆಯವನು ಕರಿಬೀರ, ಈರಮ್ಮನ ತಮ್ಮ. ಊರೂರಿನ ಮದುವೆಗೆ ಮೈಕ್‌ಸೆಟ್ ಹಾಕಿ, ಬಿಡುವಿನಲ್ಲಿ ಹಳೆಯ ಕಂಪ್ಯೂಟರಿನಲ್ಲಿ ಜನಪದ ಹಾಡು ರೆಕಾರ್ಡ್ ಮಾಡುತ್ತಿದ್ದ. ಅವನು ಬಂದಾಗ ಧ್ವನಿಶಾಲೆಯ ಹೊಸ್ತಿಲನ್ನು ಆಗಷ್ಟೇ ತೊಳೆದಿದ್ದರು. ನೀರು ಇನ್ನೂ ಕೆಂಪಗಿತ್ತು, ನೊಣ ಕೂತಿದ್ದವು. ಒಳಗೆ ಗಂಧ, ತುಪ್ಪ, ಬೆವರು ಕಲೆತ ನಾತ. ಲಾಡು ತಿಂದ ಬೆರಳಿನಲ್ಲೇ ರಾಜ ಫೇಡರುಗಳನ್ನು ತಡವುತ್ತಿದ್ದ. ಮಲ್ಲರಸ ಅವನ್ನು ತನ್ನ ಶಲ್ಯದಿಂದ ಒರೆಸಿ, ಅದೇ ಶಲ್ಯವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ.

“ಆಡಿಸೋ ಕೈ ಯಾವುದೋ?” ಎಂದ ರಾಜ.

“ನಿನ್ನೆಯ ಕೈ, ಬುದ್ಧಿ. ಒಂದ್ ಸಲ ಕೈಯಲ್ಲಿ ಆಡಿಸಿದ್ದನ್ನ ಕಂಪ್ಯೂಟರ್ ಬರೆದಿಟ್ಕೊಳ್ಳುತ್ತೆ. ಆಮೇಲೆ ಹಾಡು ಹಾಕಿದಾಗೆಲ್ಲ ಹಾಗೇ ಆಡಿಸುತ್ತೆ. ಇದಕ್ಕೆ ಆಟೊಮೇಶನ್ ಅಂತಾರೆ.”

ರಾಜ ಮಲ್ಲರಸನ ಮುಖ ನೋಡಿದ. ಮಲ್ಲರಸ ನೆಲ ನೋಡುತ್ತ ತಲೆಯಾಡಿಸಿದ.

“ಎರಡನೇದು. ನನ್ನ ಹೆಸರು ಬಂದಾಗ ನಾನೇ ಮೇಲಕ್ಕೆ ತಳ್ಳಿ ಹಿಡಿದೆ. ದನಿ ಏರಿತು. ಕೈ ಬಿಟ್ಟ ಕೂಡಲೆ ಮತ್ತೆ ಕೆಳಗಿಳೀತು. ರಾಜನ ಮಾತು ಮೀರಿ ಇದು ಯಾರ ಮಾತು ಕೇಳುತ್ತೆ?”

ಕರಿಬೀರ ಪರದೆಯ ಮೇಲೆ ಬೆರಳಿಟ್ಟ. ದನಿಯ ಚಿತ್ರದ ಕೆಳಗೊಂದು ಸಣ್ಣ ಗೆರೆ ಹರಿದಿತ್ತು. “ಈ ಗೆರೆ ಮಾತು, ಬುದ್ಧಿ. ಇದು ಇಳಿದ ಕಡೆ ಫೇಡರ್ ಇಳಿಯಲೇಬೇಕು. ಗೆರೆ ತಿದ್ದದೆ ಗುಂಡಿ ತಳ್ಳಿ ಏನೂ ಉಪಯೋಗವಿಲ್ಲ. ನಮ್ಮಕ್ಕನ ದನಿ ಒಳಗೆ ಪೂರ್ತಿ ಇದೆ, ನೋಡಿ. ಅವಳು ಕುಗ್ಗಿಸಿಲ್ಲ.”

“ಹಾಗಾದ್ರೆ ಮೂರನೇದು,” ರಾಜ ಮುಂದಕ್ಕೆ ಬಾಗಿದ. “ನನ್ನ ಹೆಸರನ್ನ ಇಳಿಸಿದ ಕೈ ಯಾರದು? ಹೇಳದಿದ್ರೆ ಅಕ್ಕ ತಮ್ಮ ಇಬ್ಬರಿಗೂ ಒಂದೇ ದಿನ ಶೂಲ.”

ಕರಿಬೀರ ಗೆರೆಗಳನ್ನು ನೋಡಿದ. ಒಂದಲ್ಲ, ಅಕ್ಕಪಕ್ಕದ ಆರು ಗೆರೆಗಳು ಒಂದೇ ಕ್ಷಣಕ್ಕೆ ಕುಸಿದಿದ್ದವು. ಬೆರಳಿನ ಕೆಲಸವಲ್ಲ. ಅವನಿಗೆ ಅರ್ಥವಾಯಿತು. ಅರ್ಥವಾದದ್ದೇ ಅಸಹ್ಯವಾಯಿತು.

“ಬಾಯಲ್ಲಿ ಹೇಳೋದಿಲ್ಲ, ತೋರಿಸ್ತೀನಿ ಬುದ್ಧಿ. ಎಂದಿನ ಹಾಗೆ ಕೂತು ಹಾಡು ಕೇಳಿ.”

ಅವನು ಆರು ಗೆರೆಗಳನ್ನೂ ನೆಟ್ಟಗೆ ಮಾಡಿ, ಜಿಗುಟು ಗುಂಡಿಗಳನ್ನು ಮೇಲೆ ಸರಿಸಿ, ಆಟೊಮೇಶನ್ನನ್ನು ‘ಬರೆ’ ಎಂಬಲ್ಲಿಗೆ ತಿರುಗಿಸಿ ಹಾಡು ಹಾಕಿದ. ಈರಮ್ಮನ ದನಿ ಕೋಣೆಯನ್ನು ತುಂಬಿತು. ತನ್ನ ಹೆಸರು ಹತ್ತಿರವಾದಂತೆ ರಾಜನ ಕಣ್ಣು ಮುಚ್ಚಿಕೊಂಡವು, ಬಾಯಿ ಅಷ್ಟಗಲ ತೆರೆಯಿತು. ಸುಖದಿಂದ ಮುಂದಕ್ಕೆ ವಾಲಿ, ದಪ್ಪ ಮೊಣಕೈಯನ್ನು ಮೇಜಿನ ಮೇಲೆ ಊರಿದ. ರೇಷ್ಮೆ ತೋಳಿನ ಕೆಳಗೆ ಆರು ಫೇಡರುಗಳು ಜಾರಿದವು. ಹೆಸರು ಕುಸಿಯಿತು.

“ಈಗ ಎದ್ದು ದೂರ ನಿಲ್ಲಿ.” ಕರಿಬೀರ ‘ಬರೆ’ಯನ್ನು ‘ಓದು’ ಮಾಡಿ ಮತ್ತೆ ಹಾಡು ಹಾಕಿದ. ಯಾರೂ ಮುಟ್ಟಲಿಲ್ಲ. ಅದೇ ಜಾಗದಲ್ಲಿ ಆರೂ ತಾವಾಗಿ ಇಳಿದವು.

“ತಮಗೆ ಮೊದಲು ಹಾಡು ಕೇಳಿಸಿದ ದಿನ ‘ಓದು’ ಅಂತ ಇಡಬೇಕಿತ್ತು, ‘ಬರೆ’ ಅಂತಲೇ ಬಿಟ್ಟಿದ್ರು. ‘ಓದು’ ಮಾಡಿದ್ದು ಆಮೇಲೆ. ಆರನ್ನ ಒಟ್ಟಿಗೆ ಎಳೆಯೋಕೆ ಮೊಣಕೈ ಬೇಕು. ಈ ಕೋಣೇಲಿ ಮೇಜಿಗೆ ಒರಗೋ ಹಕ್ಕು ಒಬ್ಬರಿಗೇ ಇರೋದು, ಬುದ್ಧಿ.”

ಮಲ್ಲರಸ ಮೆಲ್ಲಗೆ, “ನಾನು ಅವತ್ತೇ ಕಂಡಿದ್ದೆ, ಪ್ರಭು. ಹೇಳೋದು ಮರ್ಯಾದೆಯಲ್ಲ ಅಂತ ಸುಮ್ಮನಿದ್ದೆ,” ಎಂದ. ಪರಿವಾರದವರೆಲ್ಲ ಹೌದು ಹೌದೆಂದರು. ಎಲ್ಲರೂ ಕಂಡಿದ್ದರು.

ರಾಜ ಮೊಣಕೈ ಉಜ್ಜಿಕೊಂಡ. ಡಂಗುರ ಸಾರಿಸಿಯಾಗಿತ್ತು, ಹಿಂದೆಗೆಯುವಂತಿರಲಿಲ್ಲ. “ಸರಿ ಉತ್ತರ. ಏನು ಬೇಕೋ ಕೇಳು.”

“ನಮ್ಮಕ್ಕ.”

“ಅಷ್ಟೇನಾ?” ರಾಜನ ಮುಖ ಅರಳಿತು.

“ಸತ್ತೋರು ಇಬ್ಬರಿದ್ರಲ್ಲ, ಬುದ್ಧಿ?”

“ಅವರ ಉತ್ತರ ತಪ್ಪಾಗಿತ್ತಲ್ಲಯ್ಯ,” ಎಂದು ರಾಜ ಇನ್ನೊಂದು ಲಾಡು ತೆಗೆದುಕೊಂಡ. ಮಲ್ಲರಸ ಆಗಲೇ ರಾಜನ ಹೆಸರಿನ ಜಾಗದ ಗೆರೆಯನ್ನು ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೆ ಎಳೆಯುತ್ತಿದ್ದ.

ಕರಿಬೀರ ಅಕ್ಕನನ್ನು ಕರೆದುಕೊಂಡು ಕೋಟೆಯಿಂದ ಹೊರಟ. ದಾರಿಯ ಕಾಲುವೆ ಕಂಡದ್ದೇ ಇಳಿದು, ಮಣ್ಣು ಹಾಕಿ ಕೈ ಉಜ್ಜತೊಡಗಿದ.

“ಸಾಕು ಬಿಡೋ, ಚರ್ಮ ಕಿತ್ತೋಗುತ್ತೆ,” ಎಂದಳು ಈರಮ್ಮ.

“ಅವನು ಮುಟ್ಟಿದ ಗುಂಡೀನೇ ನಾನೂ ಮುಟ್ಟಿದೆ ಕಣಕ್ಕ.”

ಅವಳು ಕಾಲುವೆಯ ದಡದಲ್ಲಿ ಕೂತಳು. “ವಿಚಾರಣೆ ದಿನ ನಂಗೂ ಆ ಹಾಡನ್ನ ಕೇಳಿಸಿದ್ರು. ನಿಜ ಹೇಳ್ಲಾ? ಆ ಹೆಸರು ಇಳಿದಿತ್ತು ನೋಡು, ಅಲ್ಲಿ ಮಾತ್ರ ಅದು ಹಾಡಿನ ಹಾಗಿತ್ತು.”