ಕಂಕುಳಿನ ಸಾಕ್ಷಿ

ಪೈಲ್ವಾನ ಯಮನೂರಪ್ಪನ ಮೈಮೇಲೆ ಎದೆಯೂ ಕಂಕುಳೂ ಅಕ್ಕಪಕ್ಕದ ಮನೆಯವರು. ಊರ ಜನ ಎದೆಯನ್ನು ಕಣ್ಣರಳಿಸಿ ನೋಡುತ್ತಿದ್ದರು. ಕಂಕುಳು ತೆರೆದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಹೀಗಾಗಿ ಎದೆ ಅದನ್ನು ಮಾತಾಡಿಸುತ್ತಲೇ ಇರಲಿಲ್ಲ.

ಕುಸ್ತಿಯ ಹಿಂದಿನ ದಿನ ಯಮನೂರಪ್ಪನ ಮೈ ಕೆಂಡವಾಯಿತು. ಹೆಂಡತಿ ಗಂಗವ್ವ ಡಾಕ್ಟರನ್ನು ಕರೆಸಿದಳು. ಅವರು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು.

ಆಗ ಎದೆ ಗದರಿತು: "ಏ ನಾತದ ಗೂಡೇ, ಜ್ವರವಿದೆಯೆಂದು ಬಾಯಿಬಿಟ್ಟೀಯೆ, ಜೋಕೆ! ನಾಳೆ ನನ್ನನ್ನು ನೋಡಲು ಸಾವಿರ ಜನ ಬರುತ್ತಾರೆ."

"ಸ್ವಾಮಿ, ತಾವೇ ನನ್ನ ಮುಂದಿನ ಗೋಡೆ," ಎಂದಿತು ಕಂಕುಳು. "ನಾನು ಉರಿಯುತ್ತಿರುವುದು ತಮಗೆ ತಿಳಿಯದೆ? ಈ ಜ್ವರದಲ್ಲಿ ಅಖಾಡಕ್ಕಿಳಿದರೆ ನಮ್ಮ ಯಜಮಾನ ಹೆಣವಾಗುತ್ತಾನೆ."

"ಹಾಗಾದರೆ ತೋಳನ್ನು ಒತ್ತಿ ಹಿಡಿಯುವ ಕೆಲಸ ನಾನು ಬಿಟ್ಟೆ. ಅದೇನು ಅಳೆಯುತ್ತದೋ ನೋಡೋಣ!" ಎಂದು ಎದೆ ತನ್ನ ಸ್ನಾಯುವನ್ನು ಸಡಿಲ ಬಿಟ್ಟಿತು.

ತೋಳು ಸಡಿಲಾಗಿ ಥರ್ಮಾಮೀಟರ್ ಜಾರತೊಡಗಿತು. ಕಂಕುಳಿಗೆ ಗಾಬರಿಯಾಯಿತು. ಅದರ ಆಸ್ತಿಯೆಂದರೆ ಒಂದಿಷ್ಟು ಕೂದಲು, ಬೇಕಾದಷ್ಟು ಬೆವರು. ಅವೆರಡರಲ್ಲೇ ಅದು ಥರ್ಮಾಮೀಟರನ್ನು ಅಂಟಿಸಿಕೊಂಡು ಬಿಗಿಯಾಗಿ ಕುಳಿತಿತು.

ಡಾಕ್ಟರು ಅದನ್ನು ಕಿತ್ತು ತೆಗೆದು, ಮುಖ ಹಿಂಡಿಕೊಂಡೇ ಓದಿದರು. "ನೂರಾ ನಾಲ್ಕು! ಎಂಟು ದಿನ ಹಾಸಿಗೆ ಬಿಟ್ಟು ಏಳಕೂಡದು."

ಎದೆ ಮೂರು ದಿನ ಮುನಿಸಿಕೊಂಡಿತು. ನಾಲ್ಕನೆಯ ದಿನ ಜ್ವರ ಇಳಿಯಿತು. ಗಂಗವ್ವ ಒದ್ದೆ ಬಟ್ಟೆಯಿಂದ ಗಂಡನ ಮೈ ಒರೆಸುವಾಗ ಕಂಕುಳಿಗೆ ಕಚಗುಳಿಯಾಯಿತು. ಯಮನೂರಪ್ಪ ಗಹಗಹಿಸಿ ನಕ್ಕ. ಸೆಟೆದುಕೊಂಡಿದ್ದ ಎದೆಯೂ ಕುಲುಕಿ ಕುಲುಕಿ ನಗಲೇಬೇಕಾಯಿತು.