ನಾಲ್ಕನೆಯ ಬಾಗಿಲಿನ ಸಮಾಚಾರ

ಆಸ್ಪತ್ರೆಯೊಂದರ ಕಂಪ್ಯೂಟರ್ ಜಾಲವನ್ನು ಕಾಯುತ್ತಿದ್ದ ರೌಟರಮ್ಮನಿಗೆ ಎಂಟು ಬಾಗಿಲುಗಳು; ಒಂದೊಂದರಿಂದಲೂ ಒಂದೊಂದು ವಿಭಾಗಕ್ಕೆ ತಂತಿ ಹೋಗುತ್ತಿತ್ತು. ನಿಮಿಷಕ್ಕೊಮ್ಮೆ ಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಓಲೆಕಾರ ಬಂದು ಪ್ರತಿ ಬಾಗಿಲಿನ ಸ್ಥಿತಿ ವಿಚಾರಿಸಿ, ಉತ್ತರವನ್ನು ಮೇಲ್ವಿಚಾರಕರ ವೆಬ್ ಪುಟಕ್ಕೆ ಮುಟ್ಟಿಸುತ್ತಿದ್ದ. "ಎಂಟೂ ಕ್ಷೇಮ" ಎನ್ನುವಾಗ ರೌಟರಮ್ಮನ ತಲೆ ಸದಾ ಎತ್ತಿಯೇ ಇರುತ್ತಿತ್ತು.

ಒಂದು ಬೆಳಿಗ್ಗೆ ನಾಲ್ಕನೆಯ ಬಾಗಿಲಿನಿಂದ ರಕ್ತನಿಧಿಗೆ ಹೋಗುವ ತಂತಿಯನ್ನು ಹೆಗ್ಗಣ ಕಡಿದುಹಾಕಿತು. ಆ ಬಾಗಿಲಿನ ಹಸಿರು ದೀಪ ಆರಿತು.

"ಅಮ್ಮಾ, ನಾನು ತೆರೆದೇ ಇದ್ದೇನಲ್ಲ. ಇದೊಂದು ಸಲ ಕ್ಷೇಮವೆಂದುಬಿಡಿ. ಉಳಿದ ಏಳು ಬಾಗಿಲುಗಳ ಮುಂದೆ ನನ್ನ ಮಾನ ಹೋಗುತ್ತದೆ" ಎಂದಿತು ನಾಲ್ಕನೆಯ ಬಾಗಿಲು.

ಅಷ್ಟರಲ್ಲಿ ಓಲೆಕಾರ ಬಂದ. "ಎಂದಿನಂತೆ ಎಂಟೂ ಕ್ಷೇಮವೆಂದು ಬರೆದುಕೊಳ್ಳಲೇ, ರೌಟರಮ್ಮ?"

ರೌಟರಮ್ಮ ನೆಟ್ಟಗೆ ನಿಂತು ಹೇಳಿದಳು: "ಏಳು ಕ್ಷೇಮ. ನಾಲ್ಕನೆಯದು ತೆರೆದಿದೆ, ಆದರೆ ಆಚೆ ಕಡೆಯಿಂದ ಉತ್ತರವಿಲ್ಲ. ಹಾಗೆಯೇ ಬರೆದುಕೋ."

ಪುಟದಲ್ಲಿ ಕೆಂಪು ಗುರುತು ಮೂಡಿತು. ಅದನ್ನು ಕಂಡು ಮೆಕ್ಯಾನಿಕ್ ಮುದ್ದಯ್ಯ ಓಡಿಬಂದು ಹೊಸ ತಂತಿ ಎಳೆದ; ಆರಿದ್ದ ದೀಪ ಮತ್ತೆ ಹತ್ತಿತು. ಹೆರಿಗೆ ವಾರ್ಡಿನಿಂದ ರಕ್ತ ಬೇಡಿ ಬಂದಿದ್ದ ಕೋರಿಕೆ ಕೂಡಲೇ ದಾಟಿಹೋಯಿತು.

ಮುಂದಿನ ಸುತ್ತಿನಲ್ಲಿ ರೌಟರಮ್ಮ "ಎಂಟೂ ಕ್ಷೇಮ" ಎಂದಾಗ ಓಲೆಕಾರ ಮರುಮಾತಿಲ್ಲದೆ ಬರೆದುಕೊಂಡು ಹೋದ.

ಆಮೇಲೆ ಅವಳು ನಾಲ್ಕನೆಯ ಬಾಗಿಲಿನತ್ತ ತಿರುಗಿ ಹೇಳಿದಳು: "ಆಗ ಸುಳ್ಳಾಡಿದ್ದರೆ, ಈಗ ನಿನ್ನ ಹಸಿರು ದೀಪವನ್ನು ಯಾರು ನಂಬುತ್ತಿದ್ದರು?"