ಕೊಕ್ಕರೆಯ ಕಾಲು, ಮುಂಗುಸಿಯ ಕಾರು

ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವ ಹಗುರವಾದ ರೇಸು ಕಾರೊಂದರ ಮೇಲೆ ಕೊಕ್ಕರೆಗೆ ಮನಸ್ಸಾಯಿತು. ಅದನ್ನು ತಯಾರಿಸುವ ಮುಂಗುಸಿಯ ಷೆಡ್ಡಿಗೆ ಹೋಗಿ, "ಕೊಳ್ಳುವ ಮೊದಲು ಒಮ್ಮೆ ಕೂತು ನೋಡುತ್ತೇನೆ," ಎಂದಿತು.

"ಧಾರಾಳವಾಗಿ ಕೂರಿ. ಒಳಗೆ ಅರಮನೆಯಷ್ಟು ಜಾಗವಿದೆ," ಎಂದಿತು ಮುಂಗುಸಿ.

ಮಾದರಿಗೆಂದು ನಿಲ್ಲಿಸಿದ್ದ ಕಾರಿನಲ್ಲಿ ಕೊಕ್ಕರೆ ಕೂತಿತು. ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಬ್ರೇಕು ಒತ್ತಲು ಹೋದರೆ ಪಾದದಡಿ ಆಕ್ಸಿಲರೇಟರೂ ಸಿಕ್ಕಿಕೊಂಡಿತು.

"ಇಲ್ಲಿ ಕಾಲಿಗೆ ಜಾಗ ಸಾಲದು."

"ಅಳತೆ ಸರಿಯಾಗಿಯೇ ಇದೆ. ನಾನೇ ಕೂತು ಗುರುತು ಹಾಕಿದ್ದೇನೆ," ಎಂದು ಮುಂಗುಸಿ ಎದೆಯುಬ್ಬಿಸಿತು. "ಕೆರೆಯಲ್ಲಿ ದಿನವಿಡೀ ಒಂಟಿ ಕಾಲಲ್ಲಿ ನಿಲ್ಲುವವರು ನೀವು. ಇಲ್ಲೂ ಒಂದನ್ನು ಮಡಚಿಕೊಂಡರಾಯಿತು!"

ಕೊಕ್ಕರೆಗೆ ಮೈಯೆಲ್ಲ ಉರಿಯಿತು. "ಅಲ್ಲಿ ನಾನು ಮಡಚುವುದು ನನ್ನಿಷ್ಟಕ್ಕೆ. ನಿಮ್ಮ ಅಳತೆಯ ತಪ್ಪಿಗೆ ಮಡಚುವ ಕಾಲಲ್ಲ ಇದು."

"ಹಾಗಾದರೆ ಇಳಿಯಿರಿ. ಈ ಕಾರು ನಿಮಗಲ್ಲ."

ಕೊಕ್ಕರೆ ಇಳಿಯಲಿಲ್ಲ. ಕುತ್ತಿಗೆ ಬಗ್ಗಿಸಿ ಕೆಳಗೆ ನೋಡಿತು. ಸೀಟಿನ ಬೋಲ್ಟುಗಳನ್ನಾಗಲಿ ಪೆಡಲುಗಳ ಬೋಲ್ಟುಗಳನ್ನಾಗಲಿ ಇನ್ನೂ ಬಿಗಿದೇ ಇರಲಿಲ್ಲ. ಒಂದೊಂದನ್ನೇ ಕೊಕ್ಕಿನಲ್ಲಿ ಕಿತ್ತು ಮುಂಗುಸಿಯ ಕಾಲ ಬುಡಕ್ಕೆ ಎಸೆಯಿತು.

"ನೋಡಿ ಸ್ವಾಮಿ, ನಿಮ್ಮ ಕಾರನ್ನು ಇನ್ನೂ ಜೋಡಿಸಬೇಕು. ನನ್ನ ಕಾಲು ಜೋಡಣೆಯಾಗಿ ಎಷ್ಟೋ ವರ್ಷವಾಯಿತು. ಬಿಚ್ಚಲು ಬರುವುದನ್ನು ಬಿಚ್ಚಿ."

ಮುಂಗುಸಿ ಕೆಳಗೆ ಬಿದ್ದ ಬೋಲ್ಟುಗಳನ್ನು ನೋಡಿತು, ಕೊಕ್ಕರೆಯನ್ನು ನೋಡಿತು. ಕೊನೆಗೆ ಹೊಸ ತೂತು ಕೊರೆಯಲು ಡ್ರಿಲ್ಲು ಎತ್ತಿಕೊಂಡು, "ಎಷ್ಟು ಜಾಗ ಬೇಕು?" ಎಂದು ಗೊಣಗಿತು.

"ಅಳೆದುಕೊಳ್ಳಿ," ಎಂದು ಕೊಕ್ಕರೆ ಕೂತಲ್ಲಿಂದಲೇ ಎರಡೂ ಕಾಲುಗಳನ್ನು ಕಾರಿನಾಚೆಗೆ ಉದ್ದಕ್ಕೆ ಚಾಚಿತು.